ಮರ ಮೊದಲೋ, ಡಾರ್ವಿನ್ ಮೊದಲೋ?

ಪ್ರಶ್ನೆ: ನಾನು ಪದವಿ ಕಾಲೇಜಿನಲ್ಲಿ ಕನ್ನಡ ಅಧ್ಯಾಪಕಿ. ಸಿದ್ಧವಾಗುತ್ತಿರುವ ಕನ್ನಡ ವಿಶ್ವಕೋಶವೊಂದಕ್ಕೆ ಜರ್ಮನ್ ಭಾಷಾವಿಜ್ಞಾನಿ ಆಗಸ್ಟ್ ಶ್ಲೈಖರ್ ಕುರಿತು ಬಂದಿರುವ ಲೇಖನವನ್ನು ಪರಿಶೀಲಿಸಿಕೊಡುವಂತೆ ಸಂಪಾದಕರು ಕೇಳಿದ್ದಾರೆ. ನನಗೆ ಜರ್ಮನ್ ಬಾರದು. ಲೇಖನದ ಕನ್ನಡ ಚೆನ್ನಾಗಿದೆ. ತಪ್ಪೇನೂ ಕಣ್ಣಿಗೆ ಬೀಳುತ್ತಿಲ್ಲ. ‘ಡಾರ್ವಿನ್ನನ ವಿಕಾಸವಾದದಿಂದ ಪ್ರೇರಿತನಾಗಿ ಶ್ಲೈಖರ್ ಭಾಷೆಗಳ ವಂಶವೃಕ್ಷವನ್ನು ರೂಪಿಸಿದನು, ಐರೋಪ್ಯ ಭಾಷೆಗಳಿಗೆಲ್ಲ ಸಂಸ್ಕೃತವೇ ಮೂಲವೆಂದು ತೋರಿಸಿಕೊಟ್ಟನು’ ಎಂಬುದು ಲೇಖನದ ಮುಖ್ಯ ಮಾತು. ಇದನ್ನು ಒಪ್ಪಬಹುದೇ? ಪರಿಶೀಲನೆಯನ್ನು ಎಲ್ಲಿಂದ ತೊಡಗಬೇಕು?

ಉತ್ತರ: ನೀವು ಉದ್ಧರಿಸಿರುವ ವಾಕ್ಯದ ಎರಡು ಭಾಗಗಳೂ ತಪ್ಪು. ಅದನ್ನು ಕಂಡುಹಿಡಿಯುವುದಕ್ಕೆ ಜರ್ಮನ್ ಬೇಕಾಗಿಲ್ಲ, ಒಂದು ಹಾಳೆ ಮತ್ತು ಪೆನ್ಸಿಲ್ ಸಾಕು. ಲೇಖನವನ್ನು ಓದುತ್ತ ಕಾಗುಣಿತ ತಿದ್ದುವ ಅಭ್ಯಾಸ ಅಧ್ಯಾಪಕರಾದ ನಮಗೆಲ್ಲ ಇದೆ. ಈ ಕೆಲಸದಲ್ಲಿ ಅದನ್ನು ಕೊನೆಗೆ ಇಟ್ಟುಕೊಳ್ಳಿ. ಮೊದಲು ಲೇಖನದಲ್ಲಿರುವ ಇಸವಿಗಳನ್ನೆಲ್ಲ ಹಾಳೆಯ ಎಡಬದಿಗೆ ಕ್ರಮವಾಗಿ ಬರೆದುಕೊಳ್ಳಿ. ‘ಪ್ರೇರಿತನಾಗಿ’, ‘ಪ್ರಭಾವದಿಂದ’, ‘ಮೊಟ್ಟಮೊದಲಿಗೆ’, ‘ತೋರಿಸಿಕೊಟ್ಟನು’ ಎಂಬಂಥ ಮಾತುಗಳಿರುವ ವಾಕ್ಯಗಳನ್ನು ಬಲಬದಿಗೆ ಬರೆದುಕೊಂಡು, ಪ್ರತಿಯೊಂದನ್ನೂ ಎಡಬದಿಯ ಇಸವಿಗಳ ಎದುರು ಇಟ್ಟು ನೋಡಿ. ವಿಶ್ವಕೋಶದ ಲೇಖನಗಳು ಹೆಚ್ಚಾಗಿ ಎಡವುವುದು ಇಂಥ ಮಾತುಗಳಲ್ಲಿ.

ಶ್ಲೈಖರ್ ಹುಟ್ಟಿದ್ದು 1821ರ ಫೆಬ್ರವರಿ 19ರಂದು, ಜರ್ಮನಿಯ ಮೈನಿಂಗನ್ ಪಟ್ಟಣದಲ್ಲಿ. 1850ರಲ್ಲಿ ಪ್ರಾಗ್ ವಿಶ್ವವಿದ್ಯಾಲಯ ಸೇರಿ, 1857ರಲ್ಲಿ ಜರ್ಮನಿಯ ಯೇನಾ ಪಟ್ಟಣಕ್ಕೆ ಬಂದು, 1868ರ ಡಿಸೆಂಬರ್ 6ರಂದು ಅಲ್ಲಿಯೇ ತೀರಿಕೊಂಡ. ಆಗ ಆತನಿಗೆ 47 ವರ್ಷ. ಇಸವಿಗಳನ್ನಷ್ಟೇ ಕಳೆದರೂ 47 ಬರುತ್ತದೆಯಾದ್ದರಿಂದ ಇಲ್ಲಿ ಗೊಂದಲವಿಲ್ಲ. ಈಗ ಮರದ ವಿಷಯ. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಮೊದಲಾದವು ಸೇರಿದ ಇಂಡೋ-ಯೂರೋಪಿಯನ್ ಭಾಷೆಗಳು ಒಂದೇ ಬುಡದಿಂದ ಕವಲೊಡೆದುದನ್ನು ಮರದ ಚಿತ್ರವಾಗಿ ಆತ ಪ್ರಕಟಿಸಿದ್ದು 1853ರಲ್ಲಿ. ಡಾರ್ವಿನ್ನನ ‘ಜೀವಿಸಂಕುಲಗಳ ಉಗಮ’ ಹೊರಬಂದದ್ದು 1859ರಲ್ಲಿ. ಆರು ವರ್ಷಗಳ ಬಳಿಕ ಬರಲಿದ್ದ ಪುಸ್ತಕದಿಂದ ಯಾರೂ ಪ್ರೇರಣೆ ಪಡೆಯಲಾರರು. ಈ ತಪ್ಪನ್ನು ಹಲವು ವರ್ಷ ನಾನೂ ತರಗತಿಯಲ್ಲಿ ಧೈರ್ಯವಾಗಿ ಹೇಳಿದ್ದೇನೆ. ಹೀಗಾಗಿ ನಿಮ್ಮ ಲೇಖಕರನ್ನು ಹಳಿಯುವ ಅರ್ಹತೆ ನನಗಿಲ್ಲ.

ಹಾಗಾದರೆ ಡಾರ್ವಿನ್ನನ ಹೆಸರು ಅಲ್ಲಿಗೆ ಬಂದದ್ದು ಹೇಗೆ? ಯೇನಾದಲ್ಲಿ ಶ್ಲೈಖರನ ಗೆಳೆಯನಾಗಿದ್ದ ಪ್ರಾಣಿವಿಜ್ಞಾನಿ ಎರ್ನ್‌ಸ್ಟ್ ಹೆಕೆಲ್, ತೋಟಗಾರಿಕೆಯಲ್ಲಿ ಶ್ಲೈಖರನಿಗಿದ್ದ ಒಲವನ್ನು ಬಲ್ಲವನಾಗಿ, ಡಾರ್ವಿನ್ನನ ಪುಸ್ತಕದ ಜರ್ಮನ್ ಅನುವಾದವನ್ನು ಓದುವಂತೆ ಒತ್ತಾಯಿಸಿದ. ಓದಿದ ಶ್ಲೈಖರ್ 1863ರಲ್ಲಿ ಹೆಕೆಲನಿಗೆ ಬಹಿರಂಗ ಪತ್ರದ ರೂಪದಲ್ಲಿ ‘ಡಾರ್ವಿನ್ ಸಿದ್ಧಾಂತ ಮತ್ತು ಭಾಷಾವಿಜ್ಞಾನ’ ಎಂಬ ಕಿರುಹೊತ್ತಗೆಯನ್ನು ಬರೆದ. ಜೀವಿಗಳ ಬಗ್ಗೆ ಡಾರ್ವಿನ್ ಹೇಳಿದ್ದು ಭಾಷೆಗಳ ವಿಷಯದಲ್ಲಿ ತಮಗೆ ಮೊದಲೇ ತಿಳಿದಿದ್ದ ಸಂಗತಿಗೆ ಒಪ್ಪುತ್ತದೆ ಎಂಬುದು ಅದರ ಧೋರಣೆ. ಆತ ತನ್ನ ಕೈಯಲ್ಲಿದ್ದ ಮರವನ್ನು ಡಾರ್ವಿನ್ನನ ಮರದ ಪಕ್ಕದಲ್ಲಿ ಹಿಡಿದು ನೋಡಿದವನು, ಅಲ್ಲಿಂದ ಎರವಲು ತಂದವನಲ್ಲ. ಲೇಖಕರು ಈ ಪತ್ರವನ್ನು ಕುರಿತು ಎಲ್ಲೋ ಓದಿ, ಅದಕ್ಕೂ ಮರಕ್ಕೂ ಗಂಟು ಹಾಕಿರಬೇಕು. ನೀವು ಸೂಚಿಸಬೇಕಾದ ತಿದ್ದುಪಡಿ ಇಷ್ಟು: ‘1853ರಲ್ಲಿ ಭಾಷಾವಂಶವೃಕ್ಷವನ್ನು ಪ್ರಕಟಿಸಿದ್ದ ಶ್ಲೈಖರ್, 1863ರಲ್ಲಿ ಅದನ್ನು ಡಾರ್ವಿನ್ನನ ಸಿದ್ಧಾಂತದೊಂದಿಗೆ ಹೋಲಿಸಿ ಚರ್ಚಿಸಿದನು.’ ಹಾಗೆಂದು ‘ಮೊಟ್ಟಮೊದಲ ವಂಶವೃಕ್ಷ’ ಎಂದು ಬರೆಯಲು ಬಿಡಬೇಡಿ. ಪ್ರಾಗ್‌ನಲ್ಲೇ ಇದ್ದ ಚೆಕ್ ವಿದ್ವಾಂಸ ಚೆಲಕೋವ್‌ಸ್ಕಿ ಸ್ಲಾವಿಕ್ ಭಾಷೆಗಳಿಗೆ ಬರೆದ ಮರವೂ, ಆತ ತೀರಿಕೊಂಡ ಮೇಲೆ, ಅದೇ 1853ರಲ್ಲಿ ಅಚ್ಚಾಗಿದೆ.

ಸಂಸ್ಕೃತದ ಮಾತು ಇನ್ನೂ ಹೆಚ್ಚು ಜಾಗ್ರತೆ ಬೇಡುತ್ತದೆ, ಏಕೆಂದರೆ ನಮ್ಮ ಓದುಗರು ಅದನ್ನು ತಡವಿಲ್ಲದೆ ಒಪ್ಪಿಬಿಡುತ್ತಾರೆ. 1861-62ರಲ್ಲಿ ಹೊರಬಂದ ಆತನ ತೌಲನಿಕ ವ್ಯಾಕರಣದ ಮರದಲ್ಲಿ ಸಂಸ್ಕೃತ ಬುಡದಲ್ಲಿಲ್ಲ. ಇರಾನಿ ಭಾಷೆಗಳ ಜೊತೆಗೆ ಒಂದು ಕೊಂಬೆಯಲ್ಲಿದೆ. ಬುಡದಲ್ಲಿರುವುದು ಬರೆಹದಲ್ಲಿ ಎಲ್ಲಿಯೂ ಉಳಿಯದ, ಮಗಳುಭಾಷೆಗಳನ್ನು ಹೋಲಿಸಿ ಪುನಾರಚಿಸಿಕೊಂಡ ಮೂಲಭಾಷೆ. ಆದರೆ ಆತ ಪುನಾರಚಿಸಿದ ರೂಪಗಳು ನೋಡುವುದಕ್ಕೆ ಸಂಸ್ಕೃತದಂತೆಯೇ ಇದ್ದವು ಎಂಬುದೂ ನಿಜ, ಮತ್ತು ಲೇಖನದಲ್ಲಿ ಬರಲೇಬೇಕಾದ ಸ್ವಾರಸ್ಯ ಇಲ್ಲೇ ಇದೆ.

1868ರಲ್ಲಿ ಆತ ಈ ಮೂಲಭಾಷೆಯಲ್ಲಿ ಒಂದು ಪುಟ್ಟ ನೀತಿಕಥೆಯನ್ನೇ ಬರೆದ. ಉಣ್ಣೆಯಿಲ್ಲದ ಕುರಿಯೊಂದು ಕುದುರೆಗಳನ್ನು ಕಂಡು, ಮನುಷ್ಯ ನಿಮ್ಮನ್ನು ದುಡಿಸುವುದನ್ನು ನೋಡಿ ನನ್ನ ಎದೆ ನೋಯುತ್ತದೆ ಎನ್ನುತ್ತದೆ. ನಿನ್ನ ಉಣ್ಣೆಯಲ್ಲೇ ಅವನು ತನಗೆ ಬೆಚ್ಚನೆಯ ಬಟ್ಟೆ ಮಾಡಿಕೊಂಡಿದ್ದಾನಲ್ಲ ಎಂದು ಕುದುರೆಗಳು ಮರುನುಡಿಯುತ್ತವೆ. ಕುರಿ ಬಯಲಿಗೆ ಓಡಿಹೋಗುತ್ತದೆ. ಕಥೆಯ ಹೆಸರು ‘ಅವಿಸ್ ಅಕ್ವಾಸಸ್ ಕ’. ಸಂಸ್ಕೃತದ ‘ಅವಿ’, ‘ಅಶ್ವ’, ‘ಚ’ ಬಲ್ಲವರಿಗೆ ಇದು ಕುರಿ ಮತ್ತು ಕುದುರೆಗಳು ಎಂದು ಥಟ್ಟನೆ ಹೊಳೆಯುತ್ತದೆ. ಲ್ಯಾಟಿನ್‌ನಲ್ಲಿ ಇವೇ ‘ಒವಿಸ್’, ‘ಎಕ್ವುಸ್’, ‘ಕ್ವೆ’. ಎರಡರಲ್ಲಿ ಯಾವ ಸ್ವರ ಹಳೆಯದು ಎಂಬ ಪ್ರಶ್ನೆಗೆ ಶ್ಲೈಖರ್ ಸಂಸ್ಕೃತದ ಅಕಾರದ ಕಡೆ ನಿಂತ. ಆತ ಸತ್ತ ಹತ್ತು ವರ್ಷಗಳ ಆಸುಪಾಸಿನಲ್ಲಿ ಲೆಕ್ಕ ತಿರುಗಿತು. ‘ಚ’ ಎಂಬ ಆ ಒಂದೇ ಅಕ್ಷರವನ್ನು ನೋಡಿ: ಮೂಲದ ಕಕಾರ ಸಂಸ್ಕೃತದಲ್ಲಿ ಚಕಾರವಾದದ್ದು ಅದರ ಮುಂದೆ ಹಿಂದೊಮ್ಮೆ ಎಕಾರವಿದ್ದುದರಿಂದ, ಆಮೇಲೆ ಆ ಎಕಾರ ಅಕಾರದಲ್ಲಿ ಕರಗಿಹೋಯಿತು, ಚಕಾರ ಮಾತ್ರ ಸಾಕ್ಷಿಯಾಗಿ ಉಳಿಯಿತು. ಕನ್ನಡದ ‘ಕಿವಿ’ ತಮಿಳು ತೆಲುಗುಗಳಲ್ಲಿ ‘ಚೆವಿ’ ಎಂದೂ ನಮ್ಮ ‘ಕೆರೆ’ ತೆಲುಗಿನಲ್ಲಿ ‘ಚೆರುವು’ ಎಂದೂ ಆಗಿರುವುದನ್ನು ಪಾಠ ಮಾಡುವ ನಿಮಗೆ ಇದು ಹೊಸತೆನಿಸದು. ಹೀಗೆ ಸ್ವರಗಳ ವಿಷಯದಲ್ಲಿ ಸಂಸ್ಕೃತಕ್ಕಿಂತ ಗ್ರೀಕ್, ಲ್ಯಾಟಿನ್‌ಗಳೇ ಹಳೆಯ ಸ್ಥಿತಿಯನ್ನು ಉಳಿಸಿಕೊಂಡಿವೆ ಎಂದಾಯಿತು. 1939ರಲ್ಲಿ ಪ್ರಕಟವಾದ, ಜರ್ಮನ್ ಭಾಷಾವಿಜ್ಞಾನಿ ಹೆರ್ಮನ್ ಹಿರ್ಟನ ಪರಿಷ್ಕರಣದಲ್ಲಿ ಅದೇ ಕಥೆಯ ಹೆಸರು ‘ಒವಿಸ್ ಎಕ್ವೋಸೆಸ್-ಕ್ವೆ’ ಎಂದು ಬದಲಾಗಿದೆ. ಲೇಖನದಲ್ಲಿ ಕಥೆಯ ಮೊದಲ ರೂಪವನ್ನಷ್ಟೇ ಕೊಟ್ಟು ‘ಇದು ಮೂಲ ಇಂಡೋ-ಯೂರೋಪಿಯನ್ ಭಾಷೆ’ ಎಂದಿದ್ದರೆ, ‘1868ರಲ್ಲಿ ಶ್ಲೈಖರ್ ಪುನಾರಚಿಸಿದಂತೆ’ ಎಂಬ ಮಾತನ್ನು ಕಡ್ಡಾಯವಾಗಿ ಸೇರಿಸಲು ಹೇಳಿ.

ಲೇಖಕರಿಗೆ ತೀರ್ಪಿನ ಧಾಟಿಯಲ್ಲಿ ಬರೆಯುವ ಅಗತ್ಯವಿಲ್ಲ. ಯಾವ ವಾಕ್ಯ, ಏಕೆ ನಿಲ್ಲದು, ಅದರ ಜಾಗದಲ್ಲಿ ಏನಿರಬಹುದು ಎಂಬ ಮೂರನ್ನು ಪ್ರತಿ ಟಿಪ್ಪಣಿಯಲ್ಲೂ ಕೊಟ್ಟರೆ ಸಾಕು.

ಪ್ರಶ್ನೆ: ಹೆಸರುಗಳನ್ನು ಹೇಗೆ ಬರೆಯಬೇಕು? ಲೇಖನದಲ್ಲಿ ‘ಜೆನಾ’, ‘ಜಾಕಬ್ ಗ್ರಿಮ್’ ಎಂದೆಲ್ಲ ಇದೆ.

ಉತ್ತರ: ಇವು ಇಂಗ್ಲಿಷಿನ ಮೂಲಕ ಬಂದ ಉಚ್ಚಾರಗಳು. ಜರ್ಮನ್‌ನಲ್ಲಿ ‘J’ ಅಕ್ಷರಕ್ಕೆ ಯಕಾರದ ಧ್ವನಿ. ಆದ್ದರಿಂದ ಯೇನಾ, ಯಾಕೋಬ್ ಗ್ರಿಮ್. ನೀವು ಬರೆದ ‘ಆಗಸ್ಟ್’ ಕೂಡ ‘ಔಗುಸ್ಟ್’ ಆಗಬೇಕು. ಶ್ಲೈಖರ್ ಎಂಬಲ್ಲಿರುವ ನಡುವಿನ ಧ್ವನಿ ನಮ್ಮ ಖಕಾರವೂ ಅಲ್ಲ, ಶಕಾರವೂ ಅಲ್ಲ. ಎರಡರಲ್ಲಿ ಯಾವುದನ್ನಾದರೂ ಆರಿಸಿಕೊಂಡು ವಿಶ್ವಕೋಶದ ಉದ್ದಕ್ಕೂ ಅದನ್ನೇ ಪಾಲಿಸಿದರೆ ತಕರಾರಿಲ್ಲ.

ಪ್ರಶ್ನೆ: ಪ್ರತ್ಯಯಗಳು ಅಂಟಿಕೊಳ್ಳುವ ಭಾಷೆಗಳನ್ನು ಶ್ಲೈಖರ್ ಕೆಳಮಟ್ಟದವೆಂದು ಕಂಡಿದ್ದನೆಂದು ಓದಿದ್ದೇನೆ. ಕನ್ನಡವೂ ಅಂಥ ಭಾಷೆಯಷ್ಟೆ. ಕನ್ನಡ ವಿಶ್ವಕೋಶದಲ್ಲಿ ಇದನ್ನು ಖಂಡಿಸಬೇಕಲ್ಲವೇ?

ಉತ್ತರ: ಖಂಡಿಸುವುದು ಬೇಡ, ಮರೆಮಾಚುವುದೂ ಬೇಡ. ಪದಗಳು ಬಿಡಿಬಿಡಿಯಾಗಿ ನಿಲ್ಲುವ ಭಾಷೆಗಳು, ಪ್ರತ್ಯಯಗಳು ಅಂಟುವ ಭಾಷೆಗಳು, ಪದವೇ ಒಳಗಿನಿಂದ ರೂಪ ಬದಲಿಸುವ ಭಾಷೆಗಳು ಎಂಬ ವಿಂಗಡಣೆ ಶ್ಲೈಖರನಿಗಿಂತ ಹಿಂದಿನದು. ಜರ್ಮನ್ ವಿದ್ವಾಂಸರಾದ ಶ್ಲೇಗಲ್ ಸೋದರರ ಕಾಲದಿಂದಲೂ ಇತ್ತು. ಶ್ಲೈಖರ್ ಅದನ್ನು ಬೆಳವಣಿಗೆಯ ಮೂರು ಮೆಟ್ಟಿಲುಗಳಾಗಿ ಕಂಡ; ಇತಿಹಾಸಪೂರ್ವ ಕಾಲದಲ್ಲಿ ಭಾಷೆಗಳು ಮೇಲೇರಿ, ಇತಿಹಾಸ ಕಾಲದಲ್ಲಿ ಸವೆಯುತ್ತ ಬಂದವೆಂದು ನಂಬಿದ. ಭಾಷೆ ಮನುಷ್ಯನ ಇಚ್ಛೆಗೆ ಒಳಪಡದೆ ಹುಟ್ಟಿ ಬೆಳೆದು ಮುಪ್ಪಾಗುವ ಜೀವಿ ಎಂಬ ಆತನ ಕಲ್ಪನೆಗೆ ಇದು ತಳುಕು ಹಾಕಿಕೊಂಡಿತ್ತು. ಆ ಲೆಕ್ಕದಲ್ಲಿ ‘ಮನೆ-ಗಳ-ಲ್ಲಿ’ ಎನ್ನುವ ನಮ್ಮ ಭಾಷೆ ನಡುಮೆಟ್ಟಿಲಿನದು. ಈ ಮೆಟ್ಟಿಲುಗಳನ್ನು ಇಂದಿನ ಭಾಷಾವಿಜ್ಞಾನ ಕೈಬಿಟ್ಟಿದೆ ಎಂದು ಒಂದು ವಾಕ್ಯದಲ್ಲಿ ಹೇಳಿದರೆ ಕೆಲಸ ಮುಗಿಯಿತು. ಅಭಿಮಾನದ ಮಾತಿಗೆ ಬೇರೆ ವೇದಿಕೆಗಳಿವೆ.

ಟೀಕೆಗೆ ಹೆಚ್ಚು ಜಾಗ ಕೊಡಬೇಕಾದದ್ದು ಮರದ ವಿಷಯದಲ್ಲಿ. ಕವಲೊಡೆದ ಭಾಷೆಗಳು ಮತ್ತೆ ಒಂದನ್ನೊಂದು ಮುಟ್ಟುವುದೇ ಇಲ್ಲವೆಂಬಂತೆ ಮರದ ಚಿತ್ರ ತೋರಿಸುತ್ತದೆ. ನೆರೆಹೊರೆಯ ಭಾಷೆಗಳಲ್ಲಿ ಬದಲಾವಣೆಗಳು ನೀರಿನ ಅಲೆಯಂತೆ ಹರಡುತ್ತವೆ ಎಂದು 1872ರಲ್ಲಿ ವಾದಿಸಿ ಇದನ್ನು ಎದುರಿಸಿದವನು ಯೋಹಾನೆಸ್ ಶ್ಮಿಟ್, ಶ್ಲೈಖರನದೇ ಶಿಷ್ಯ. ಲೇಖನದ ಶಿಷ್ಯರ ಪಟ್ಟಿಯಲ್ಲಿ ಶ್ಮಿಟ್‌ನ ಹೆಸರು ಇದ್ದು ಈ ಸಂಗತಿ ಬಿಟ್ಟುಹೋಗಿದ್ದರೆ, ಆ ಹೆಸರಿನ ಎದುರಿಗೇ ಒಂದು ಟಿಪ್ಪಣಿ ಬರೆದುಬಿಡಿ.