ಸಂಪಾದಕರ ಉತ್ತರ: ಮೂಸೆ ಬದಲಿಸಿದ ಮೇಲೆ ಕುಸಿದ ವಾಹಕತೆ

ಆತ್ಮೀಯ ಓದುಗರೇ,

ನಿಮ್ಮ ಪತ್ರದ ಸಾರ ಇಷ್ಟು. ಘನಸ್ಥಿತಿ ಬ್ಯಾಟರಿಗೆಂದು ಲಿಥಿಯಂ, ಲ್ಯಾಂಥನಮ್, ಜಿರ್ಕೋನಿಯಂಗಳ ಗಾರ್ನೆಟ್ ಎಲೆಕ್ಟ್ರೊಲೈಟ್ (ಲಿಥಿಯಂ ಅಯಾನುಗಳನ್ನು ಸಾಗಿಸುವ ಘನ ವಸ್ತು) ತಯಾರಿಸುತ್ತಿದ್ದೀರಿ. ಅಲ್ಯುಮಿನಾ (ಅಲ್ಯುಮಿನಿಯಂ ಆಕ್ಸೈಡ್) ಮೂಸೆಯಲ್ಲಿ ಸುಟ್ಟ ಪೆಲೆಟ್ಟಿನ, ಅಂದರೆ ಪುಡಿ ಒತ್ತಿ ಮಾಡಿದ ಬಿಲ್ಲೆಯ, ವಾಹಕತೆ ಸೆಂಟಿಮೀಟರಿಗೆ 0.2 ಮಿಲಿಸೀಮೆನ್ಸ್ ಇತ್ತು. ಕಲಬೆರಕೆ ತಪ್ಪಲಿ ಎಂದು ಮೆಗ್ನೀಷಿಯಾ ಮೂಸೆ ಹಿಡಿದಿರಿ. ಅದೇ ಪುಡಿ, ಅದೇ ಉಷ್ಣತೆ. ವಾಹಕತೆ ಮಾತ್ರ ನೂರು ಪಟ್ಟು ಇಳಿಯಿತು. ಎಲ್ಲಿ ತಪ್ಪಿತು ಎಂದು ಕೇಳಿದ್ದೀರಿ.

ನಿಮ್ಮ ಕೈಕೆಲಸದಲ್ಲಿ ದೋಷ ಕಾಣುತ್ತಿಲ್ಲ. ನೀವು ಹೊರಗಿಟ್ಟ ಆ ಕಲಬೆರಕೆಯೇ ಇಲ್ಲಿಯವರೆಗೆ ಕೆಲಸ ಮಾಡುತ್ತಿತ್ತು. 1100 ಡಿಗ್ರಿ ದಾಟಿದ ಮೇಲೆ ಲಿಥಿಯಂ ಅಲ್ಯುಮಿನಾ ಗೋಡೆಯನ್ನು ತಿನ್ನುತ್ತದೆ, ಅಲ್ಯುಮಿನಿಯಂ ಮಾದರಿಯೊಳಗೆ ಸೇರುತ್ತದೆ. ಒಂದು ಅಲ್ಯುಮಿನಿಯಂ ಅಯಾನು ಬಂದು ಕೂತರೆ ಮೂರು ಲಿಥಿಯಂ ಅಯಾನು ಜಾಗ ಬಿಡಬೇಕು. ಹಾಗಾಗಿ ಎರಡು ಸ್ಥಾನ ಖಾಲಿ ಉಳಿಯುತ್ತವೆ. ಲಿಥಿಯಂ ಓಡಾಡುವುದು ಆ ಖಾಲಿ ಸ್ಥಾನಗಳ ಬಲದಿಂದ. ಏನೂ ಬೆರೆಯದಿದ್ದರೆ ತಣಿಯುವಾಗ, ಸುಮಾರು 650 ಡಿಗ್ರಿಯ ಆಸುಪಾಸಿನಲ್ಲಿ, ಲಿಥಿಯಂಗಳು ತಂತಮ್ಮ ಸ್ಥಾನ ಹಿಡಿದು ಕ್ಯೂಬಿಕ್ (ಮೂರೂ ಬದಿ ಸಮನಾದ) ಹರಳಿನ ರಚನೆ ಟೆಟ್ರಾಗೋನಲ್ (ಒಂದು ಬದಿಯ ಅಳತೆ ಬೇರೆಯಾದ) ಆಗುತ್ತದೆ. ಅದರ ವಾಹಕತೆ 0.001ರಿಂದ 0.002 ಮಿಲಿಸೀಮೆನ್ಸ್, ಅಂದರೆ ನಿಮಗೆ ಸಿಕ್ಕ ಅಂಕಿಯೇ. 2007ರಲ್ಲಿ ಸಂಶೋಧಕರಾದ ಮುರುಗನ್, ತಂಗದುರೈ, ವೆಪ್ನರ್ ಈ ವಸ್ತುವನ್ನು ವರದಿ ಮಾಡಿದಾಗಲೂ ಮೂಸೆಯ ಅಲ್ಯುಮಿನಿಯಂ ಸದ್ದಿಲ್ಲದೆ ಸೇರಿತ್ತು; ಅದರ ಪಾತ್ರ ಸ್ಪಷ್ಟವಾಗಿದ್ದು 2011ರಲ್ಲಿ.

ಎಕ್ಸ್-ರೇ ಡಿಫ್ರಾಕ್ಷನ್ ತೆಗೆಸಿ. ತಾಮ್ರದ ಎಕ್ಸ್-ರೇ ಕಿರಣದಲ್ಲಿ 30.8 ಡಿಗ್ರಿ ಕೋನದ (2θ) ಬಳಿ ಒಂಟಿ ಶಿಖರ ಇದ್ದರೆ ಕ್ಯೂಬಿಕ್, ಅದು ಸೀಳಿದ್ದರೆ ಟೆಟ್ರಾಗೋನಲ್. 28.6ರಲ್ಲಿ ಶಿಖರ ಎದ್ದಿದ್ದರೆ ಅದು ಬೇರೆಯದೇ ತೊಂದರೆ: ಲಿಥಿಯಂ ಆವಿಯಾಗಿ ಲ್ಯಾಂಥನಮ್ ಜಿರ್ಕೋನೇಟ್ ಉಳಿದಿದೆ.

ಹಳೆಯ ಮೂಸೆಗೆ ಹಿಂತಿರುಗಬೇಡಿ. ಗೋಡೆಯಿಂದ ಎಷ್ಟು ಅಲ್ಯುಮಿನಿಯಂ ಬರುತ್ತದೆ ಎನ್ನುವುದು ಒಂದೊಂದು ಸಲ ಒಂದೊಂದು ರೀತಿ. ಮೆಗ್ನೀಷಿಯಾದಲ್ಲೇ ಇದ್ದು ಟ್ಯಾಂಟಲಮ್ ಬೆರೆಸಿ. ಅದೂ ಲಿಥಿಯಂ ಸ್ಥಾನಗಳನ್ನು ಖಾಲಿ ಮಾಡಿಸುತ್ತದೆ, ಆದರೆ ತಾನು ಜಿರ್ಕೋನಿಯಂ ಜಾಗದಲ್ಲಿ ಕೂರುವುದರಿಂದ ಲಿಥಿಯಂ ದಾರಿಗೆ ಅಡ್ಡ ಬರುವುದಿಲ್ಲ. ಲಿಥಿಯಂ 6.4, ಲ್ಯಾಂಥನಮ್ 3, ಜಿರ್ಕೋನಿಯಂ 1.4, ಟ್ಯಾಂಟಲಮ್ 0.6 ಎಂಬ ಅನುಪಾತಕ್ಕೆ, 0.01 ಮೋಲ್ ಲೆಕ್ಕದಲ್ಲಿ: ಲ್ಯಾಂಥನಮ್ ಆಕ್ಸೈಡ್ 4.887 ಗ್ರಾಂ, ಜಿರ್ಕೋನಿಯಂ ಡೈಆಕ್ಸೈಡ್ 1.725, ಟ್ಯಾಂಟಲಮ್ ಪೆಂಟಾಕ್ಸೈಡ್ 1.326, ಲಿಥಿಯಂ ಹೈಡ್ರಾಕ್ಸೈಡ್ ಮೊನೊಹೈಡ್ರೇಟ್ 2.954 (ಆವಿಯಾಗುವುದಕ್ಕೆಂದು ಶೇ. 10 ಹೆಚ್ಚುವರಿ ಈ ಅಂಕಿಯಲ್ಲೇ ಸೇರಿದೆ).

ಬಹಳ ಜನ ಎಡವುವುದು ಮೊದಲ ಅಂಕಿಯಲ್ಲೇ. ಲ್ಯಾಂಥನಮ್ ಆಕ್ಸೈಡ್ ಗಾಳಿಯ ತೇವ ಹೀರಿ ಹೈಡ್ರಾಕ್ಸೈಡ್ ಆಗುತ್ತದೆ. ಪೂರ್ತಿ ಹಾಗಾಗಿದ್ದರೆ 4.887 ಗ್ರಾಂ ತೂಗಿದರೂ ಒಳಗಿರುವ ಆಕ್ಸೈಡ್ ಬರೀ 4.19 ಗ್ರಾಂ, ಶೇ. 14ರಷ್ಟು ಕಡಿಮೆ. ಬಣ್ಣ ನೋಡಿದರೆ ಗೊತ್ತಾಗುವುದಿಲ್ಲ, ಎರಡೂ ಬಿಳಿ. ಹಾಗಾಗಿ ರಾತ್ರಿಯಿಡೀ 900 ಡಿಗ್ರಿಯಲ್ಲಿ ಕಾಯಿಸಿ, ಡೆಸಿಕೇಟರಿನಲ್ಲಿ (ತೇವ ತಾಗದ ಮುಚ್ಚಿದ ಪಾತ್ರೆಯಲ್ಲಿ) ತಣಿಸಿ, ತೆಗೆದ ಕೂಡಲೇ ತೂಗಿ. ಅರೆಯಲು ಐಸೊಪ್ರೊಪನಾಲ್ ಬಳಸಿ, ನೀರು ಬೇಡ.

900 ಡಿಗ್ರಿಯಲ್ಲಿ 12 ಗಂಟೆ ಪುಡಿಯನ್ನು ಕ್ಯಾಲ್ಸಿನ್ ಮಾಡಿ (ಕಾಯಿಸಿ), ಮತ್ತೆ ಅರೆದು ಪೆಲೆಟ್ ಒತ್ತಿ. ಪೆಲೆಟ್ಟನ್ನು ಅದೇ ಸಂಯೋಜನೆಯ ಪುಡಿಯಲ್ಲಿ ಹೂತು, ಮುಚ್ಚಳ ಹಾಕಿ, 1150 ಡಿಗ್ರಿಯಲ್ಲಿ ಸಿಂಟರ್ ಮಾಡಿ (ಕಣಗಳು ಬೆಸೆಯುವಂತೆ ಸುಡಿ). ಸುತ್ತಲಿನ ಪುಡಿಯಿಂದ ಏಳುವ ಲಿಥಿಯಂ ಆವಿ ಪೆಲೆಟ್ಟಿನ ನಷ್ಟಕ್ಕೆ ತಡೆ ಹಾಕುತ್ತದೆ. ಪೆಲೆಟ್ ಸಣ್ಣದಾದಷ್ಟೂ ಈ ಹೊದಿಕೆ ಮುಖ್ಯ. ತೂಕಕ್ಕೆ ಹೋಲಿಸಿದರೆ ಅದರ ಮೇಲ್ಮೈ ಹೆಚ್ಚು.

ಸುಟ್ಟ ಮೇಲೆ ಗಾಳಿಯಲ್ಲಿ ಇಡಬೇಡಿ. ತೇವ ಲಿಥಿಯಂ ಅನ್ನು ಹೊರಗೆಳೆಯುತ್ತದೆ, ಇಂಗಾಲದ ಡೈಆಕ್ಸೈಡ್ ಸೇರಿ ಮೇಲ್ಮೈ ಮೇಲೆ ಲಿಥಿಯಂ ಕಾರ್ಬೊನೇಟ್ ಪದರ ಕಟ್ಟುತ್ತದೆ. ಲಿಥಿಯಂ ಲೋಹ ಆ ಪದರಕ್ಕೆ ಅಂಟುವುದಿಲ್ಲ. ಆರ್ಗಾನ್ ಗ್ಲೋವ್‌ಬಾಕ್ಸಿನಲ್ಲಿ (ಗಾಳಿ ತಾಗದ ಪೆಟ್ಟಿಗೆಯಲ್ಲಿ) ಒಣ ಉಜ್ಜುಕಾಗದದಿಂದ ಉಜ್ಜಿ, ಅಲ್ಲೇ 400ರಿಂದ 500 ಡಿಗ್ರಿಗೆ ಬಿಸಿ ಮಾಡಿದರೆ ಅದು ಹೋಗುತ್ತದೆ. ರಾಮನ್ ರೋಹಿತದಲ್ಲಿ 1090 cm⁻¹ ಬಳಿಯ ಕಾರ್ಬೊನೇಟ್ ಗೆರೆ ಕಾಣದಿದ್ದರೆ ಮೇಲ್ಮೈ ಶುದ್ಧವಾದಂತೆ.

ಇಂಪೀಡೆನ್ಸ್ (ಪರ್ಯಾಯ ವಿದ್ಯುತ್ತಿಗೆ ಒಡ್ಡುವ ತಡೆ) ಅಳೆಯುವಾಗ ಚಿನ್ನ ಲೇಪಿಸಿ. 1 ಸೆಂ.ಮೀ. ವ್ಯಾಸ, 1 ಮಿ.ಮೀ. ದಪ್ಪದ ಪೆಲೆಟ್ಟಿಗೆ ಸೆಂಟಿಮೀಟರಿಗೆ 0.5 ಮಿಲಿಸೀಮೆನ್ಸ್ ವಾಹಕತೆ ಎಂದರೆ ಸುಮಾರು 255 ಓಮ್. ಟೆಟ್ರಾಗೋನಲ್ ಆಗಿದ್ದರೆ 60,000 ಓಮ್ ಮೀರುತ್ತದೆ. ಇವೆರಡರ ನಡುವಿನ ಅಂಕಿ ಬಂದರೆ ಮೊದಲು ಪೆಲೆಟ್ಟಿನ ಸಾಂದ್ರತೆ ನೋಡಿ: ಘನ ಸೆಂ.ಮೀ.ಗೆ 5.1 ಗ್ರಾಮಿಗಿಂತ ಕಡಿಮೆ ಇದ್ದರೆ ರಂಧ್ರಗಳು ಉಳಿದಿವೆ.