ಆಪ್ತಸಲಹೆ ಪ್ರಕರಣ: ರಾತ್ರಿ ಹೆಡ್‌ಫೋನ್ ಹಾಕಿಕೊಳ್ಳುವ ಸಂಶೋಧಕಿ

ಗ್ರೇಸ್ ಉಗಾಂಡಾದವರು (ಹೆಸರು, ಗುರುತಿನ ವಿವರ ಬದಲಿಸಿದ್ದೇನೆ). ಕೆಲವು ವರ್ಷ ಹೆರಿಗೆ ವಾರ್ಡಿನಲ್ಲಿ ನರ್ಸ್ ಆಗಿದ್ದು ಈಗ ಪಿಎಚ್‌.ಡಿ. ಮಾಡುತ್ತಿದ್ದಾರೆ. ಮಗು ಸತ್ತು ಹುಟ್ಟಿದ ತಾಯಂದಿರನ್ನು ಹಳ್ಳಿಗಳಲ್ಲಿ ಕಂಡು ಮಾತನಾಡಿಸುವುದು ಅವರ ಕೆಲಸ. ನನ್ನೊಂದಿಗೆ ವಿಡಿಯೋ ಕರೆಯಲ್ಲಿ ಕೂತಾಗ ಹೇಳಿಕೊಂಡದ್ದು ನಿದ್ದೆಯ ತೊಂದರೆ ಮಾತ್ರ. ಗೈಡ್ ರಜೆ ತಗೋ ಅಂದಿದ್ದರಂತೆ. ವಿಶ್ವವಿದ್ಯಾಲಯ ಧ್ಯಾನದ ಆ್ಯಪ್ ಕೊಟ್ಟಿತ್ತಂತೆ. ಈಚೆಗೆ ಎಲ್ಲ ಸಂಕಟಕ್ಕೂ ಅದೇ ಮದ್ದು.

ಕೇಳುತ್ತ ಹೋದಂತೆ ತಿಳಿಯಿತು, ಸಂದರ್ಶನ ಮಾಡುವಾಗ ಆಕೆ ಗಟ್ಟಿಯಾಗೇ ಇರುತ್ತಾರೆ. ರಾತ್ರಿ ಒಬ್ಬರೇ ಕೂತು ಅಲ್ಲಿನ ಲುಗಾಂಡಾ ಭಾಷೆಯ ಮಾತನ್ನು ಇಂಗ್ಲಿಷಿನಲ್ಲಿ ಬರೆದುಕೊಳ್ಳುವಾಗ ಒಂದೇ ವಾಕ್ಯವನ್ನು ಹಿಂದಕ್ಕೆ ಓಡಿಸಿ ಓಡಿಸಿ ಕೇಳಬೇಕು. ಕುಸಿಯುವುದು ಆಗ. ಅಲ್ಲಿ ಹಲವು ಕಡೆ ಇಂಥ ಮಗುವನ್ನು ಹಿರಿಯ ಹೆಂಗಸರು ಬೇಗ ಮಣ್ಣು ಮಾಡಿಬಿಡುತ್ತಾರೆ. ತಾಯಿ ಎಷ್ಟೋ ಸಲ ಮುಖವನ್ನೂ ನೋಡಿರುವುದಿಲ್ಲ, ಜೋರಾಗಿ ಅಳುವಂತೆಯೂ ಇಲ್ಲ. ಗ್ರೇಸ್ ಎದುರಿಗೇ ಮೊದಲ ಸಲ ಬಾಯಿಬಿಟ್ಟವರು ಇದ್ದಾರೆ.

ಒಬ್ಬ ತಾಯಿ ಹೇಳಿದ್ದಳಂತೆ: "ನರ್ಸ್ ಬಟ್ಟೆ ಸುತ್ತಿಕೊಂಡು ಹೋದಳು. ಅಳಬೇಡ, ಇನ್ನೊಂದು ಹುಟ್ಟತ್ತೆ ಅಂದಳು." ಇದನ್ನು ಹೇಳಿ ಗ್ರೇಸ್ ತಡೆದರು. "ಆ ಮಾತು ನಾನೂ ಎಷ್ಟು ಜನಕ್ಕೆ ಹೇಳಿದ್ದೀನಿ ಮೇಡಂ."

ನಿದ್ದೆ ಕೆಡಿಸಿದ್ದು ಇದು. "ನಿಮ್ಮದೇನೂ ತಪ್ಪಿಲ್ಲ" ಎನ್ನಲು ನಾನು ಹೋಗಲಿಲ್ಲ. ಕಸುಬು ಬಲ್ಲವರು ಅದನ್ನು ನಂಬುವುದಿಲ್ಲ. ಮಗು ಉಳಿಯದೇ ಹೋದದ್ದು ಬೇರೆ, ಆಮೇಲೆ ಆಡಿದ ಮಾತು ಬೇರೆ ಎಂದು ಬಿಡಿಸಿ ನೋಡಿದೆವು. ಮೊದಲನೆಯದನ್ನು ವಿದ್ಯಾರ್ಥಿಗಳಿಗೆ ಪಾಠ ಹೇಳುವಂತೆ ನನಗೆ ವಿವರಿಸಿ ಅಂದೆ. 2021ರಲ್ಲಿ ಜಗತ್ತಿನಲ್ಲಿ ಸುಮಾರು 19 ಲಕ್ಷ ಮಕ್ಕಳು 28 ವಾರ ತುಂಬಿದ ಮೇಲೂ ಸತ್ತು ಹುಟ್ಟಿದವು, ಅರ್ಧದ ಹತ್ತಿರದಷ್ಟು ಸಹಾರಾದ ದಕ್ಷಿಣದ ಆಫ್ರಿಕದಲ್ಲಿ. ನೂರಕ್ಕೆ 40ಕ್ಕೂ ಹೆಚ್ಚು ಹೆರಿಗೆ ನೋವಿನ ಹೊತ್ತಿನಲ್ಲೇ ಹೋದವು. ಇಡೀ ವಾರ್ಡಿಗೆ ಒಬ್ಬಳೇ ನರ್ಸ್ ಇದ್ದರೆ ಅರ್ಧ ಗಂಟೆಗೊಮ್ಮೆ ಮಗುವಿನ ಎದೆಬಡಿತ ಕೇಳುವುದು ಹೇಗೆ? ಆಪರೇಷನ್‌ಗೆ ದೊಡ್ಡಾಸ್ಪತ್ರೆ, ಅಲ್ಲಿಗೆ ಹೋಗಲು ಗಾಡಿ, ಗಾಡಿಗೆ ಡೀಸೆಲ್. ಇಷ್ಟನ್ನೂ ಅವರೇ ಹೇಳಿದರು. ಎರಡನೆಯದು, ಆ ಮಾತು, ಅವರದೇ. ಅದಕ್ಕೆ ಪಶ್ಚಾತ್ತಾಪ ಪಡುವುದು ಕಾಯಿಲೆಯಲ್ಲ ಎಂದೆ.

ಸಲಹೆ ಕೊಟ್ಟದ್ದು ಹೀಗೆ. ರೆಕಾರ್ಡಿಂಗ್ ಕೇಳಿ ಬರೆಯುವುದು ಹಗಲು, ಇನ್ನೊಬ್ಬರಿರುವ ಕೋಣೆಯಲ್ಲಿ. ತೀರಾ ಕಷ್ಟದ್ದನ್ನು ಗೋಪ್ಯತೆಗೆ ಸಹಿ ಹಾಕಿದ ಸಹೋದ್ಯೋಗಿಗೆ ಕೊಡಿ. ದಿನಕ್ಕೆ ಒಂದೇ ಸಂದರ್ಶನ.

"ಮತ್ತೆ ಬಸುರಾದರೆ ಏನು ಮಾಡಲಿ?" ಎಂದು ತಾಯಂದಿರು ಕೇಳುತ್ತಾರಂತೆ. ಸಂಶೋಧಕಿ ಉತ್ತರಿಸಬಾರದು ಎಂದು ತರಬೇತಿಯಲ್ಲಿ ಕಲಿಸಿದ್ದರಿಂದ ಈಕೆ ಸುಮ್ಮನಿದ್ದು ಬರುತ್ತಿದ್ದರು. ಈ ಮೌನ ನನಗೆ ಸರಿ ಕಾಣಲಿಲ್ಲ. ಗೈಡ್ ಒಪ್ಪಿಗೆ ಪಡೆದು, ರೆಕಾರ್ಡರ್ ಆರಿಸಿದ ಮೇಲೆ ಗೊತ್ತಿರುವುದನ್ನು ಹೇಳಿ ಬನ್ನಿ ಎಂದೆ: ಬೇಗ ತಪಾಸಣೆಗೆ ಹೋಗುವುದು, ಬಿಪಿ, ಸಿಫಿಲಿಸ್ ಪರೀಕ್ಷೆ, ಮಲೇರಿಯಾ ಬಾರದಂತೆ ಮಾತ್ರೆ.

ಸಂಶೋಧನೆಗೆ ಒಪ್ಪಿಗೆ ಕೊಡುವ ಎಥಿಕ್ಸ್ ಕಮಿಟಿಗೆ ಕೊಟ್ಟ ಕಾಗದದಲ್ಲಿ ತಾಯಿ ಅತ್ತರೆ ಏನು ಮಾಡಬೇಕೆಂದು ಪುಟಗಟ್ಟಲೆ ಇತ್ತು, ಕೇಳುವವಳ ಬಗ್ಗೆ ಒಂದು ಸಾಲೂ ಇರಲಿಲ್ಲ. ಅದಕ್ಕೆ ತಿದ್ದುಪಡಿ ಕೇಳಲು ಹೇಳಿದೆ: ಗೈಡ್ ಅಲ್ಲದ ಬೇರೊಬ್ಬರ ಬಳಿ ಮಾತಾಡಲು ಸಮಯ, ಅದಕ್ಕೆ ಯೋಜನೆಯಿಂದಲೇ ಹಣ.

ಅರ್ಜಿ ಹೋಗಿದೆ. ನಿದ್ದೆ ಅಷ್ಟಿಷ್ಟು ಸುಧಾರಿಸಿದೆ. ಮತ್ತೆ ಕೆಟ್ಟರೆ ಮನೋವೈದ್ಯರನ್ನು ಕಾಣಲು ಒಪ್ಪಿದ್ದಾರೆ. ಇಂಥ ಮನೆಗಳಿಗೆ ಹೋಗಿ ಬಂದರೆ ನಿನ್ನ ಬಸುರಿಗೂ ತಟ್ಟುತ್ತದೆ ಎಂದು ಗ್ರೇಸ್‌ಗೆ ಹೇಳುವ ಅವರ ಅತ್ತೆಯ ವಿಷಯವನ್ನು ಮುಂದಿನ ಭೇಟಿಗೆ ಇಟ್ಟುಕೊಂಡಿದ್ದೇವೆ.