ಪಡಿಯಚ್ಚು ತೋರಿಸಿದ್ದು ಮೋಸವಲ್ಲ

ನಮಸ್ಕಾರ. ನಿಮ್ಮ ಕಾಗದ ಎರಡು ಸಲ ಓದಿದೆ. ನಮ್ಮ ಲೇಖನ ನಂಬಿಕೊಂಡು, ಆದಿಮಾನವರ ಗೋಡೆಚಿತ್ರಗಳಿರುವ ಫ್ರಾನ್ಸಿನ ಲಾಸ್ಕೋ ಗುಹೆ ನೋಡಲು ಹೋದಿರಿ. ಅಲ್ಲಿ ಒಳಗೆ ಬಿಟ್ಟಿದ್ದು ಅಸಲಿ ಗುಹೆಗಲ್ಲ, ಅದರ ನಕಲಿಗೆ. "ಅಷ್ಟು ದೂರ ಹೋದವರಿಗೆ ಇದು ಮೋಸ ಅಲ್ವಾ?" ಅಂತ ಕೇಳಿದ್ದೀರಿ.

ಈಗ ನೋಡಲು ಸಿಗುವುದು ಪಡಿಯಚ್ಚು ಅಂತ ನಾವು ಮೊದಲೇ ಬರೆಯಬೇಕಿತ್ತು. ಬರೆಯಲಿಲ್ಲ. ಅದು ನಮ್ಮ ತಪ್ಪು, ಕ್ಷಮಿಸಿ. ಆದರೆ ಮೋಸ ಅನ್ನುವ ಮಾತನ್ನು ನಾನು ಒಪ್ಪಲಾರೆ.

1940ರಲ್ಲಿ ನಾಲ್ವರು ಹುಡುಗರು ಒಂದು ಕಿಂಡಿಯಲ್ಲಿ ಇಳಿದು ಆ ಗುಹೆ ಕಂಡುಹಿಡಿದರು. ಒಳಗೆ ಸುಮಾರು 17,000 ವರ್ಷ ಹಳೆಯ ಕುದುರೆ, ಜಿಂಕೆ, ಗೂಳಿಗಳ ಚಿತ್ರಗಳು. ಒಂದು ಗೂಳಿಯಂತೂ 5 ಮೀಟರಿಗಿಂತ ಉದ್ದ! 1948ರಲ್ಲಿ ಜನರಿಗೆ ತೆರೆದರು, ಕೆಲವೇ ವರ್ಷಗಳಲ್ಲಿ ದಿನಕ್ಕೆ ಸುಮಾರು 1,200 ಮಂದಿ ಬರತೊಡಗಿದರು. ಯಾರೂ ಬೇಕಂತ ಏನನ್ನೂ ಕೆಡಿಸಲಿಲ್ಲ. ಸುಮ್ನೆ ನಿಂತು ನೋಡಿದರು, ಉಸಿರಾಡಿದರು, ಅಷ್ಟೇ. ಆದರೆ ಅಷ್ಟು ಜನರ ಉಸಿರಿನ ತೇವ, ಮೈಯ ಬಿಸಿ, ಇಂಗಾಲದ ಡೈಆಕ್ಸೈಡ್ ಎಲ್ಲಾ ಸೇರಿ ಗೋಡೆ ಬೆವರತೊಡಗಿತು, ದೀಪದ ಬೆಳಕಿಗೆ ಹಸಿರು ಪಾಚಿ ಹಬ್ಬಿತು. 1963ರಲ್ಲಿ ಬಾಗಿಲು ಹಾಕಿದರು. ಸಾವಿರಾರು ವರ್ಷ ತಡೆದುಕೊಂಡ ಚಿತ್ರಗಳಿಗೆ ನಮ್ಮ 15 ವರ್ಷ ತಡೆಯಲಾಗಲಿಲ್ಲ. ಇದನ್ನು ಬರೆಯುವಾಗ ನನಗೆ ಈಗಲೂ ಸಂಕಟವಾಗುತ್ತದೆ.

ಆ ಪಾಠ ವ್ಯರ್ಥವಾಗಲಿಲ್ಲ. 1994ರ ಡಿಸೆಂಬರಿನಲ್ಲಿ ಅದೇ ದೇಶದಲ್ಲಿ ಶೋವೆ ಗುಹೆ ಸಿಕ್ಕಿತು. ಕಲ್ಲುಗಳ ಸಂದಿಯಿಂದ ತಣ್ಣನೆ ಗಾಳಿ ಬಂದದ್ದೇ ಸುಳಿವು. ಅಲ್ಲಿನ ಚಿತ್ರಗಳು ಲಾಸ್ಕೋಗಿಂತ ಎಷ್ಟೋ ಹಳೆಯವು, ಕೆಲವಕ್ಕೆ ಸುಮಾರು 36,000 ವರ್ಷ. ಅದನ್ನು ಜನರಿಗೆ ಒಂದು ದಿನವೂ ತೆರೆಯಲಿಲ್ಲ. ಸಂಶೋಧಕರೂ ಉಕ್ಕಿನ ಹಲಗೆಯ ಮೇಲೇ ನಡೆಯಬೇಕು. ಹಾಗಾಗಿಯೇ ನೆಲದಲ್ಲಿ ಕರಡಿಯ ಹೆಜ್ಜೆ ಗುರುತು ಇನ್ನೂ ಇದೆ. ಒಂದು ಗೋಡೆಯ ತುಂಬಾ ಕೆಂಪು ಬಣ್ಣದ ಅಂಗೈ ಗುರುತುಗಳಿವೆ. ಒತ್ತಿದವನ ಕಿರುಬೆರಳು ಸ್ವಲ್ಪ ಸೊಟ್ಟ. ಅದೇ ಸೊಟ್ಟ ಬೆರಳು ಗುಹೆಯ ಇನ್ನೊಂದು ಕಡೆಯೂ ಕಾಣಿಸಿತು! ಹೆಸರು ಗೊತ್ತಿಲ್ಲದ ಒಬ್ಬ ಮನುಷ್ಯ ಎಲ್ಲೆಲ್ಲಿ ಓಡಾಡಿದ ಅಂತ ಇಷ್ಟು ಕಾಲದ ಮೇಲೆ ಗೊತ್ತಾಗುತ್ತದೆ. ನಾವೆಲ್ಲ ನುಗ್ಗಿದ್ದರೆ ಇದೆಲ್ಲ ಉಳಿಯುತ್ತಿತ್ತಾ?

ಚೀನಾದಲ್ಲಿ ಒಬ್ಬ ಚಕ್ರವರ್ತಿಯ ಸಮಾಧಿ ಕಾಯಲೆಂದು ಹಿಂದೆ ಹೂತಿಟ್ಟ ಮಣ್ಣಿನ ಸೈನಿಕರ ಕಥೆಯೂ ಹೀಗೇ. 1974ರಲ್ಲಿ ಬಾವಿ ತೋಡುತ್ತಿದ್ದ ರೈತರಿಗೆ ಸಿಕ್ಕ ಆ ಮೂರ್ತಿಗಳಿಗೆ ಮೈತುಂಬಾ ಬಣ್ಣವಿತ್ತು. ಹೊರಗಿನ ಒಣ ಗಾಳಿ ತಾಗಿದರೆ ಬಣ್ಣದ ಕೆಳಗಿನ ಲ್ಯಾಕರ್ ಎಂಬ ಮರದ ಅಂಟಿನ ಪದರ ಕೆಲವೇ ನಿಮಿಷಗಳಲ್ಲಿ ಸುರುಟಿಕೊಂಡು ಉದುರುತ್ತದೆ. ಇಂಥ ಹಾನಿಯ ಭಯದಿಂದ, ಹತ್ತಿರದಲ್ಲೇ ಇರುವ ಆ ಚಕ್ರವರ್ತಿಯ ಸಮಾಧಿಯನ್ನು ಇನ್ನೂ ಅಗೆದಿಲ್ಲ.

ನೀವು ನೋಡಿದ ಪಡಿಯಚ್ಚಿನ ವಿಷಯಕ್ಕೆ ಬರುತ್ತೇನೆ. ಅಸಲಿ ಗೋಡೆಯ ಉಬ್ಬು ತಗ್ಗುಗಳನ್ನು ಲೇಸರಿನಿಂದ ಅಳೆದು ಗೋಡೆ ಕಟ್ಟಿದರು, ಮೇಲೆ ಕಲಾವಿದರು ಕೈಯಲ್ಲೇ ಬಣ್ಣ ಹಚ್ಚಿದರು. ತೆಗೆದ ಫೋಟೊಗಳಿದ್ದರೆ ಇನ್ನೊಮ್ಮೆ ನೋಡಿ. ಕಲ್ಲಿನ ಉಬ್ಬೇ ಪ್ರಾಣಿಯ ಮೈ ಆಗಿರುವುದು ಎಲ್ಲೆಲ್ಲಿ ಅಂತ ಹುಡುಕಿ.

ನಿಮ್ಮ ಕಾಗದವನ್ನು ಪೂರ್ತಿಯಾಗಿ ಅಚ್ಚು ಹಾಕುತ್ತಿದ್ದೇವೆ. ಇನ್ನು ಮುಂದೆ ಯಾವುದು ಅಸಲಿ, ಯಾವುದು ಪಡಿಯಚ್ಚು ಅಂತ ಲೇಖನದ ಮೊದಲಲ್ಲೇ ಬರೆಯುತ್ತೇವೆ.

— ಸಂಪಾದಕ